ತಂತ್ರಾಂಶಕ್ಕೂ ಅಡ್ಡಪರಿಣಾಮ ಉಂಟು

2002ರ ಅಕ್ಟೋಬರಿನಲ್ಲಿ ಅಮೆರಿಕದ ಪಿಟ್ಸ್‌ಬರ್ಗ್ ಮಕ್ಕಳ ಆಸ್ಪತ್ರೆ ತನ್ನ ಕಾಗದದ ಪದ್ಧತಿಗೆ ವಿದಾಯ ಹೇಳಿತು. ಅಲ್ಲಿಯವರೆಗೆ ವೈದ್ಯರು ಕೇಸ್ ಶೀಟಿನಲ್ಲಿ ಕೈಯಿಂದ ಬರೆಯುತ್ತಿದ್ದ ಔಷಧ, ರಕ್ತಪರೀಕ್ಷೆ, ಎಕ್ಸ್‌ರೇ ಇತ್ಯಾದಿ ಸೂಚನೆಗಳನ್ನೆಲ್ಲ ಇನ್ನು ಮುಂದೆ ಕಂಪ್ಯೂಟರಿನಲ್ಲೇ ದಾಖಲಿಸಬೇಕು ಎಂದಾಯಿತು. ಇಡೀ ಆಸ್ಪತ್ರೆ ಹೊಸ ವ್ಯವಸ್ಥೆಗೆ ಬದಲಾಗಲು ತೆಗೆದುಕೊಂಡದ್ದು ಆರೇ ದಿನ. ಉದ್ದೇಶದಲ್ಲಿ ಯಾವ ದೋಷವೂ ಇರಲಿಲ್ಲ: ಅರ್ಥವಾಗದ ಕೈಬರಹದಿಂದ, ತಪ್ಪು ಡೋಸಿನಿಂದ ಮಕ್ಕಳನ್ನು ಕಾಪಾಡುವುದು. ಮೂರು ವರ್ಷಗಳ ಬಳಿಕ, 2005ರ ಡಿಸೆಂಬರಿನಲ್ಲಿ, ಅದೇ ಆಸ್ಪತ್ರೆಯ ವೈದ್ಯರು ‘ಪೀಡಿಯಾಟ್ರಿಕ್ಸ್’ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ವಿಶೇಷ ಚಿಕಿತ್ಸೆಗೆಂದು ಬೇರೆ ಆಸ್ಪತ್ರೆಗಳಿಂದ ಅಲ್ಲಿಗೆ ಸಾಗಿಸಲಾದ ಮಕ್ಕಳ ಲೆಕ್ಕ ಅದು. ಹೊಸ ವ್ಯವಸ್ಥೆ ಬರುವುದಕ್ಕೆ ಹಿಂದಿನ 13 ತಿಂಗಳಲ್ಲಿ ಬಂದ 1,394 ಮಕ್ಕಳಲ್ಲಿ 39 ಮಕ್ಕಳು ತೀರಿಕೊಂಡಿದ್ದರು. ಬಂದ ನಂತರದ 5 ತಿಂಗಳಲ್ಲಿ 548 ಮಕ್ಕಳಲ್ಲಿ 36. ಸಾವಿನ ಪ್ರಮಾಣ ಶೇ 2.80ರಿಂದ ಶೇ 6.57ಕ್ಕೆ ಏರಿತ್ತು.

ಕಂಪ್ಯೂಟರ್ ತಪ್ಪು ಔಷಧ ಸೂಚಿಸಿತೆ? ಇಲ್ಲ. ಅಧ್ಯಯನಕಾರರು ಬಿಡಿಸಿಟ್ಟ ಕಾರಣಗಳು ತೀರ ಸಾಮಾನ್ಯವಾಗಿ ಕಾಣುವಂಥವು, ಅದಕ್ಕೇ ಭಯ ಹುಟ್ಟಿಸುವಂಥವು. ಮೊದಲು, ಆಂಬುಲೆನ್ಸ್ ದಾರಿಯಲ್ಲಿರುವಾಗಲೇ ವೈದ್ಯರು ಬೇಕಾದ ಔಷಧಗಳನ್ನು ಬರೆದಿಡುತ್ತಿದ್ದರು. ಮಗು ಬರುವ ಹೊತ್ತಿಗೆ ಎಲ್ಲವೂ ಹಾಸಿಗೆಯ ಪಕ್ಕದಲ್ಲಿರುತ್ತಿತ್ತು. ಹೊಸ ವ್ಯವಸ್ಥೆಯಲ್ಲಿ ಮಗು ಆಸ್ಪತ್ರೆಗೆ ಬಂದು, ಅದರ ಹೆಸರು ನೋಂದಣಿಯಾಗುವವರೆಗೆ ಒಂದೇ ಒಂದು ಔಷಧವನ್ನೂ ಬರೆಯುವಂತಿರಲಿಲ್ಲ. ಕಾಗದದಲ್ಲಿ ಕೆಲವೇ ಸೆಕೆಂಡು ಹಿಡಿಯುತ್ತಿದ್ದ ಒಂದು ಸೂಚನೆಗೆ ಪರದೆಯ ಮೇಲೆ ಒಂದೆರಡು ನಿಮಿಷ ಬೇಕಾಯಿತು, ಸರಾಸರಿ ಹತ್ತು ಸಲ ಕ್ಲಿಕ್ ಮಾಡಬೇಕಾಯಿತು. ವ್ಯವಸ್ಥೆಯ ಜೊತೆಗೇ ಇನ್ನೊಂದು ಆಡಳಿತಾತ್ಮಕ ತೀರ್ಮಾನವೂ ಜಾರಿಯಾಗಿತ್ತು: ಐಸಿಯುವಿನಲ್ಲೇ ಕೈಗೆಟುಕುತ್ತಿದ್ದ ತುರ್ತು ಔಷಧಗಳು ಕೇಂದ್ರ ಫಾರ್ಮಸಿಗೆ ಹೋದವು, ನರ್ಸುಗಳು ಅವನ್ನು ತಾವೇ ತೆಗೆದುಕೊಳ್ಳುವಂತಿರಲಿಲ್ಲ. ಹಲವರು ಒಟ್ಟಿಗೆ ಕಂಪ್ಯೂಟರ್ ಬಳಸಿದಾಗ ನಿಸ್ತಂತು ಸಂಪರ್ಕ ಸ್ಥಗಿತಗೊಳ್ಳುತ್ತಿತ್ತು. ಎಲ್ಲಕ್ಕಿಂತ ದೊಡ್ಡ ನಷ್ಟ ಮಾತಿನದು. ಮೊದಲು ವೈದ್ಯರೂ ನರ್ಸುಗಳೂ ಮಗುವಿನ ಸುತ್ತ ನಿಂತು ಒಬ್ಬರಿಗೊಬ್ಬರು ಹೇಳಿಕೊಂಡು ಕೆಲಸ ಮಾಡುತ್ತಿದ್ದರು. ಈಗ ಅತ್ಯಮೂಲ್ಯವಾದ ಮೊದಲ ಹದಿನೈದು ನಿಮಿಷದಿಂದ ಒಂದು ಗಂಟೆಯವರೆಗೆ ಒಬ್ಬ ವೈದ್ಯರು ಮಗುವನ್ನು ಬಿಟ್ಟು ಪರದೆಯ ಮುಂದೆ ಕೂರಬೇಕಾಯಿತು.

ಈ ಕಥೆ ಇಲ್ಲಿಗೇ ಮುಗಿದಿದ್ದರೆ ಕಂಪ್ಯೂಟರನ್ನು ಬೈದು ಸುಮ್ಮನಾಗಬಹುದಿತ್ತು. ಆದರೆ ಸಿಯಾಟಲ್‌ನ ಮಕ್ಕಳ ಆಸ್ಪತ್ರೆಯೂ ಅದೇ ಕಂಪನಿಯ ಅದೇ ಬಗೆಯ ವ್ಯವಸ್ಥೆಯನ್ನು ಹಾಕಿಕೊಂಡಿತು. ಅಲ್ಲಿನ ಮಕ್ಕಳ ಐಸಿಯುವಿನಲ್ಲಿ ಮೊದಲಿನ 13 ತಿಂಗಳ ಸಾವಿನ ಪ್ರಮಾಣ ಶೇ 4.22 ಇದ್ದದ್ದು ನಂತರದ 13 ತಿಂಗಳಲ್ಲಿ ಶೇ 3.46 ಆಯಿತು. ಸಂಖ್ಯಾಶಾಸ್ತ್ರದ ಪ್ರಕಾರ ಇದನ್ನು ಇಳಿಕೆ ಎನ್ನಲಾಗದು, ಏರಿಕೆಯಂತೂ ಅಲ್ಲವೇ ಅಲ್ಲ. ಸ್ಟ್ಯಾನ್‌ಫರ್ಡ್‌ನ ಲೂಸಿಲ್ ಪ್ಯಾಕರ್ಡ್ ಮಕ್ಕಳ ಆಸ್ಪತ್ರೆ 2007ರಲ್ಲಿ ಇಂಥದೇ ವ್ಯವಸ್ಥೆಗೆ ಬದಲಾದ ಮೇಲೆ ಮಾಸಿಕ ಸಾವಿನ ಪ್ರಮಾಣ ಸರಾಸರಿ ಶೇ 20ರಷ್ಟು ಇಳಿದದ್ದನ್ನು 2010ರಲ್ಲಿ ವರದಿ ಮಾಡಿತು. ಒಂದೇ ಬಗೆಯ ತಂತ್ರಾಂಶ, ಮೂರು ಬಗೆಯ ಫಲ. ವ್ಯತ್ಯಾಸ ಎಲ್ಲಿತ್ತು? ಐಸಿಯುವಿನಲ್ಲಿ ಪದೇ ಪದೇ ಬೇಕಾಗುವ ಔಷಧ, ಪರೀಕ್ಷೆಗಳ ಗುಚ್ಛಗಳನ್ನು ಸಿಯಾಟಲ್‌ನಲ್ಲಿ ವ್ಯವಸ್ಥೆ ಚಾಲೂ ಆಗುವ ಮೊದಲೇ ಸಿದ್ಧಪಡಿಸಿ ಇಟ್ಟಿದ್ದರು. ಒಂದನ್ನು ಆರಿಸಿದರೆ ಹತ್ತು ಸೂಚನೆ ಒಟ್ಟಿಗೆ ಹೋಗುತ್ತಿತ್ತು. ಪಿಟ್ಸ್‌ಬರ್ಗ್‌ನಲ್ಲಿ ಐಸಿಯುವಿಗೆಂದೇ ಮಾಡಿದ ಗುಚ್ಛಗಳು ಆರಂಭದಲ್ಲಿ ಇರಲಿಲ್ಲ. ಕೊಂಡ ಸರಕು ಒಂದೇ, ಅದನ್ನು ಕೆಲಸದೊಳಗೆ ಕೂರಿಸಿದ ರೀತಿ ಬೇರೆ.

ಈ ಮೂರು ಆಸ್ಪತ್ರೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದಾಗ ನನಗೆ ಒಂದು ಮಾತು ಸ್ಪಷ್ಟವಾಗುತ್ತದೆ. ಆಸ್ಪತ್ರೆಗೆ ಬರುವ ಹೊಸ ಮಾಹಿತಿ ತಂತ್ರಜ್ಞಾನ ವ್ಯವಸ್ಥೆ ಕಚೇರಿಯ ಪೀಠೋಪಕರಣದ ಸಾಲಿಗೆ ಸೇರಿದ್ದಲ್ಲ, ಚಿಕಿತ್ಸೆಯ ಸಾಲಿಗೆ ಸೇರಿದ್ದು. ಯಾರು ಯಾವಾಗ ರೋಗಿಯ ಬಳಿ ಇರಬೇಕು, ಯಾವ ಔಷಧ ಎಷ್ಟು ಹೊತ್ತಿಗೆ ತಲುಪಬೇಕು, ಯಾರು ಯಾರಿಗೆ ಮಾತಾಡಿ ಹೇಳಬೇಕು ಎಂಬುದನ್ನೆಲ್ಲ ಅದು ಬದಲಿಸುತ್ತದೆ. ಹಾಗಿದ್ದ ಮೇಲೆ ಹೊಸ ಔಷಧಕ್ಕೆ ನಾವು ಹಾಕುವ ನಿಯಮಗಳನ್ನೇ ಇದಕ್ಕೂ ಹಾಕಬೇಕು: ಮೊದಲು ಚಿಕ್ಕ ಪ್ರಮಾಣದಲ್ಲಿ ಪರೀಕ್ಷೆ, ರೋಗಿಗಳ ಮೇಲಾದ ಪರಿಣಾಮದ ಅಳತೆ, ಅಡ್ಡಪರಿಣಾಮ ವರದಿ ಮಾಡಲು ದಾರಿ, ಹಾನಿ ಕಂಡರೆ ನಿಲ್ಲಿಸುವ ಅಧಿಕಾರ. ಇಂದು ಬಹುಪಾಲು ಕಡೆ ನಡೆಯುವುದು ಬೇರೆಯೇ. ಟೆಂಡರ್, ಸರ್ವರ್, ಎರಡು ದಿನದ ತರಬೇತಿ, ಉದ್ಘಾಟನೆ. ಅಲ್ಲಿಗೆ ಯೋಜನೆ ಯಶಸ್ವಿ.

ಕಾಗದವೇನು ಕಡಿಮೆ ಕೊಂದಿದೆಯೆ ಎಂಬ ಪ್ರಶ್ನೆ ಕೂಡಲೇ ಬರುತ್ತದೆ. ಅದು ನ್ಯಾಯವಾದ ಪ್ರಶ್ನೆ. ವೈದ್ಯಕೀಯ ತಪ್ಪುಗಳಿಂದ ಅಮೆರಿಕದ ಆಸ್ಪತ್ರೆಗಳಲ್ಲಿ ವರ್ಷಕ್ಕೆ 44,000ದಿಂದ 98,000 ಮಂದಿ ಸಾಯುತ್ತಿದ್ದಾರೆಂದು ಅಲ್ಲಿನ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 1999ರಲ್ಲಿ ಅಂದಾಜು ಮಾಡಿದ್ದು ಕಾಗದದ ಕಾಲದಲ್ಲೇ. ಬಾಸ್ಟನ್‌ನ ಬ್ರಿಗಮ್ ಆಸ್ಪತ್ರೆಯಲ್ಲಿ ಕಂಪ್ಯೂಟರಿನಲ್ಲಿ ಔಷಧ ಬರೆಯುವ ಪದ್ಧತಿ ಬಂದ ಮೇಲೆ ರೋಗಿಯವರೆಗೆ ತಲುಪುತ್ತಿದ್ದ ಗಂಭೀರ ಔಷಧ ತಪ್ಪುಗಳು ಶೇ 55ರಷ್ಟು ಇಳಿದವೆಂದು 1998ರ ಅಧ್ಯಯನ ತೋರಿಸಿತು. ನಮ್ಮಲ್ಲಂತೂ ಡಿಸ್ಚಾರ್ಜ್ ಸಾರಾಂಶ, ಹಳೆಯ ಸ್ಕ್ಯಾನು, ಹತ್ತು ಚೀಟಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹೊತ್ತು ಊರಿಂದ ಊರಿಗೆ ಅಲೆಯುವ ರೋಗಿಗೆ ಗಣಕೀಕೃತ ದಾಖಲೆಗಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ. ನಾನು ಗಣಕೀಕರಣದ ವಿರುದ್ಧ ವಾದಿಸುತ್ತಿಲ್ಲ. ಔಷಧದಿಂದ ಉಪಕಾರವಿದೆ ಎಂಬ ಕಾರಣಕ್ಕೆ ಅದರ ಪರೀಕ್ಷೆಯನ್ನು ಯಾರೂ ಬಿಡುವುದಿಲ್ಲ. ಬಲವಾದ ಔಷಧವಾದಷ್ಟೂ ಎಚ್ಚರ ಹೆಚ್ಚು. ಬ್ರಿಗಮ್‌ನ ಫಲಿತಾಂಶ ಈ ಮಾತನ್ನೇ ಗಟ್ಟಿ ಮಾಡುತ್ತದೆ, ಏಕೆಂದರೆ ಅಲ್ಲಿ ತಂತ್ರಾಂಶವನ್ನು ರೂಪಿಸಿದವರೂ ಅಳೆದವರೂ ಆ ಆಸ್ಪತ್ರೆಯವರೇ.

ಪಿಟ್ಸ್‌ಬರ್ಗ್ ಅಧ್ಯಯನವನ್ನೇ ಪ್ರಶ್ನಿಸಿದವರೂ ಇದ್ದಾರೆ. ಹಿಂದಿನ 13 ತಿಂಗಳನ್ನು ಮುಂದಿನ 5 ತಿಂಗಳ ಜೊತೆ ಹೋಲಿಸುವುದು ಸರಿಯಲ್ಲ, ಋತುಮಾನದ ವ್ಯತ್ಯಾಸ ಇರಬಹುದು, ಔಷಧಗಳನ್ನು ಕೇಂದ್ರ ಫಾರ್ಮಸಿಗೆ ಸಾಗಿಸಿದ್ದು ತಂತ್ರಾಂಶದ ತಪ್ಪಲ್ಲ, ಎಂಬುದು ಅವರ ಮಾತು. ಮೊದಲೆರಡರಲ್ಲಿ ಹುರುಳಿದೆ, ಈ ಒಂದು ಅಂಕಿಯನ್ನೇ ಹಿಡಿದುಕೊಂಡು ಕಂಪ್ಯೂಟರ್ ಇಷ್ಟು ಮಕ್ಕಳನ್ನು ಕೊಂದಿತು ಎನ್ನುವುದು ಅನ್ಯಾಯ. ಮೂರನೆಯದು ಮಾತ್ರ ನನ್ನ ವಾದಕ್ಕೇ ಸಾಕ್ಷಿ. ಆಸ್ಪತ್ರೆಯೊಂದು ಹೊಸ ವ್ಯವಸ್ಥೆ ತರುವಾಗ ಬರೀ ತಂತ್ರಾಂಶ ಬರುವುದಿಲ್ಲ; ಅದರ ಸುತ್ತ ಹತ್ತು ಆಡಳಿತ ತೀರ್ಮಾನಗಳು ಬರುತ್ತವೆ, ರೋಗಿ ಅನುಭವಿಸುವುದು ಒಟ್ಟು ಫಲವನ್ನು. ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಅದೇ ಆಸ್ಪತ್ರೆಯಲ್ಲಿ ಅದೇ ವ್ಯವಸ್ಥೆಯ ಬಗ್ಗೆ 2005ರಲ್ಲೇ ಪ್ರಕಟವಾದ ಮತ್ತೊಂದು ಅಧ್ಯಯನ, ಔಷಧಗಳಿಂದಾಗುವ ಹಾನಿಕರ ಘಟನೆಗಳು ಕಡಿಮೆಯಾದವೆಂದು ವರದಿ ಮಾಡಿತ್ತು. ಎರಡೂ ನಿಜವಿರಬಹುದು. ಔಷಧದ ತಪ್ಪುಗಳನ್ನಷ್ಟೇ ಎಣಿಸಿದರೆ ಯೋಜನೆ ಗೆದ್ದಂತೆ, ತಡವಾಗಿ ಬಂದ ಸರಿಯಾದ ಔಷಧವನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಚಿತ್ರವೇ ಬೇರೆ. ಸಾವಿನ ಲೆಕ್ಕವನ್ನು ಯಾರೂ ಕೂಡಿಸದೇ ಹೋಗಿದ್ದರೆ ಆ ಆಸ್ಪತ್ರೆಯ ದಾಖಲೆಯಲ್ಲಿ ಉಳಿಯುತ್ತಿದ್ದದ್ದು ಗೆಲುವೊಂದೇ.

ಹೊಸದಕ್ಕೆ ಹೊಂದಿಕೊಳ್ಳಲಾರದ ವೈದ್ಯರ, ನರ್ಸುಗಳ ಗೊಣಗಾಟವೇ ಅಡ್ಡಿ, ಸ್ವಲ್ಪ ದಿನ ಬಿಗಿಯಾಗಿ ನಡೆಸಿದರೆ ಸರಿಹೋಗುತ್ತದೆ ಎಂಬುದು ಆಡಳಿತಗಾರರಿಂದ ಹೆಚ್ಚಾಗಿ ಕೇಳಿಬರುವ ಆಕ್ಷೇಪ. ಲಾಸ್ ಏಂಜಲೀಸ್‌ನ ಸೀಡರ್ಸ್-ಸೈನೈ ಆಸ್ಪತ್ರೆ 2002ರ ಕೊನೆಯಲ್ಲಿ 3 ಕೋಟಿ 40 ಲಕ್ಷ ಡಾಲರ್ ವೆಚ್ಚದ ವ್ಯವಸ್ಥೆಯನ್ನು ಚಾಲೂ ಮಾಡಿ, ವೈದ್ಯರು ತಿರುಗಿಬಿದ್ದ ಮೇಲೆ ಕೆಲವೇ ತಿಂಗಳಲ್ಲಿ, 2003ರ ಜನವರಿಯಲ್ಲಿ, ಅದನ್ನು ನಿಲ್ಲಿಸಿತು. ಇದನ್ನು ಹಟಮಾರಿತನದ ಉದಾಹರಣೆಯಾಗಿ ಹೇಳುವವರಿದ್ದಾರೆ. ಗೊಣಗಾಟದಲ್ಲಿ ಸೋಮಾರಿತನವೂ ಇರುತ್ತದೆ, ನಿಜ. ಆದರೆ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಆಸ್ಪತ್ರೆಯೊಂದರಲ್ಲಿ ರಾಸ್ ಕೊಪ್ಪೆಲ್ ಮತ್ತು ಸಂಗಡಿಗರು ಆ ಗೊಣಗಾಟವನ್ನು ಕಿವಿಗೊಟ್ಟು ಕೇಳಿದಾಗ, ಗಣಕೀಕೃತ ವ್ಯವಸ್ಥೆಯೇ ದಾರಿಮಾಡಿಕೊಡುವ 22 ಬಗೆಯ ಔಷಧ ತಪ್ಪುಗಳು ಬೆಳಕಿಗೆ ಬಂದವು. 2005ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಒಂದು ಸಣ್ಣ ವಿವರ. ಫಾರ್ಮಸಿಯ ದಾಸ್ತಾನಿನಲ್ಲಿ ಯಾವ ಪ್ರಮಾಣದ ಮಾತ್ರೆ ಇದೆಯೋ ಅದನ್ನು ಪರದೆ ತೋರಿಸುತ್ತಿತ್ತು. ಕಿರಿಯ ವೈದ್ಯರು ಅದನ್ನೇ ರೋಗಿಗೆ ಕೊಡಬೇಕಾದ ಡೋಸ್ ಎಂದು ತಿಳಿಯುತ್ತಿದ್ದರು. ಒಬ್ಬ ರೋಗಿಯ ಎಲ್ಲ ಔಷಧಗಳನ್ನು ನೋಡಲು ಇಪ್ಪತ್ತರವರೆಗೆ ಪರದೆಗಳನ್ನು ತೆರೆಯಬೇಕಾಗುತ್ತಿತ್ತು. ಇವು ತರಬೇತಿಯಿಂದ ಅಥವಾ ಗದರಿಕೆಯಿಂದ ಹೋಗುವ ತೊಂದರೆಗಳಲ್ಲ. ಬಳಸುವವರ ದೂರು ಎಂಬುದು ಅಡ್ಡಪರಿಣಾಮದ ಮೊದಲ ವರದಿ. ಅದನ್ನು ಅಶಿಸ್ತೆಂದು ತಳ್ಳಿದವರು ಸಿಕ್ಕ ಸಾಕ್ಷ್ಯವನ್ನೇ ಎಸೆದಂತೆ.

ಕೆಲಸ ಮಾಡುವವರ ಕಣ್ಣು ಏನನ್ನು ಕಾಣಬಲ್ಲದು ಎಂಬುದಕ್ಕೆ ಅಮೆರಿಕದ ನಿವೃತ್ತ ಸೈನಿಕರ ಆಸ್ಪತ್ರೆಗಳ ಚರಿತ್ರೆಯಲ್ಲೊಂದು ಒಳ್ಳೆಯ ಅಧ್ಯಾಯವಿದೆ. ಕಾನ್ಸಾಸ್ ರಾಜ್ಯದ ಟೊಪೀಕಾದ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಸೂ ಕಿನ್ನಿಕ್ 1992ರಲ್ಲಿ ಬಾಡಿಗೆ ಕಾರನ್ನು ಹಿಂದಿರುಗಿಸುವಾಗ, ಅಲ್ಲಿನ ನೌಕರ ಕೈಯಲ್ಲಿ ಹಿಡಿದ ಯಂತ್ರದಿಂದ ಬಾರ್‌ಕೋಡ್ ಓದುವುದನ್ನು ಕಂಡರು. ಕಾರಿಗೆ ಆಗುವುದು ರೋಗಿಯ ಕೈಪಟ್ಟಿಗೂ ಔಷಧದ ಪೊಟ್ಟಣಕ್ಕೂ ಏಕೆ ಆಗಬಾರದು ಎಂದು ಅವರಿಗೆ ಹೊಳೆಯಿತು. ಮೊದಲು ಆ ಒಂದು ಆಸ್ಪತ್ರೆಯಲ್ಲಿ ಪ್ರಯೋಗ ಮಾಡಿ, ತಿದ್ದಿ, ಆಮೇಲೆ ದಶಕದ ಕೊನೆಯ ಹೊತ್ತಿಗೆ ಆ ಪದ್ಧತಿಯನ್ನು ನಿವೃತ್ತ ಸೈನಿಕರ ಎಲ್ಲ ಆಸ್ಪತ್ರೆಗಳಿಗೂ ಹರಡಿದರು. ಆ ಆಸ್ಪತ್ರೆಗಳ ‘ವಿಸ್ಟಾ’ ಎಂಬ ಇಡೀ ದಾಖಲೆ ವ್ಯವಸ್ಥೆಯೇ 1970ರ ದಶಕದ ಕೊನೆಯಿಂದ ವೈದ್ಯರೂ ಪ್ರೋಗ್ರಾಮರುಗಳೂ ಆಸ್ಪತ್ರೆಯೊಳಗೇ ಕೂತು ಬೆಳೆಸಿದ್ದು. ಹಳತಾಯಿತೆಂದು ಅದರ ಬದಲಿಗೆ ಕೊಂಡ ಹೊಸ ವ್ಯವಸ್ಥೆ 2020ರ ಅಕ್ಟೋಬರಿನಲ್ಲಿ ವಾಷಿಂಗ್ಟನ್ ರಾಜ್ಯದ ಸ್ಪೋಕೇನ್ ಆಸ್ಪತ್ರೆಯಲ್ಲಿ ಮೊದಲು ಚಾಲೂ ಆಯಿತು. ಅಲ್ಲಿ ವೈದ್ಯರು ಬರೆದ 11,000ಕ್ಕೂ ಹೆಚ್ಚು ಸೂಚನೆಗಳು ಹೋಗಬೇಕಾದ ವಿಭಾಗಕ್ಕೆ ಹೋಗದೆ, ಯಾರ ಕಣ್ಣಿಗೂ ಬೀಳದ ಒಂದು ಸಾಲಿನಲ್ಲಿ ಸೇರಿಕೊಂಡವು. ಬರೆದ ವೈದ್ಯರಿಗೆ ಸೂಚನೆ ತಲುಪಿಲ್ಲವೆಂಬ ಸುಳಿವೇ ಸಿಗಲಿಲ್ಲ. ಇದರಿಂದ 149 ರೋಗಿಗಳಿಗೆ ಹಾನಿಯಾಗಿದೆಯೆಂಬ ಲೆಕ್ಕವನ್ನು ನಿವೃತ್ತ ಸೈನಿಕರ ಇಲಾಖೆಯ ತನಿಖಾಧಿಕಾರಿಗಳ 2022ರ ವರದಿ ದಾಖಲಿಸಿತು. 2023ರ ಏಪ್ರಿಲಿನಲ್ಲಿ ಮುಂದಿನ ಆಸ್ಪತ್ರೆಗಳಿಗೆ ವಿಸ್ತರಿಸುವ ಕೆಲಸವನ್ನು ತಡೆಹಿಡಿಯಲಾಯಿತು. ಇಲ್ಲಿ ನೋಡಬೇಕಾದ್ದು ತಂತ್ರಾಂಶ ಮಾರಿದ ಕಂಪನಿಯ ಸೋಲನ್ನಷ್ಟೇ ಅಲ್ಲ. ಸ್ವತಂತ್ರ ತನಿಖಾಧಿಕಾರಿ ಎಂಬವರೊಬ್ಬರು ಇದ್ದುದರಿಂದ, ಹಾನಿಯನ್ನು ಎಣಿಸಿದ್ದರಿಂದ, ಅದು ನೂರಾರು ಆಸ್ಪತ್ರೆಗಳಿಗೆ ಹರಡುವ ಮೊದಲು ತಡೆ ಬಿತ್ತು.

ಇಂಗ್ಲೆಂಡಿನ ರಾಷ್ಟ್ರೀಯ ಆರೋಗ್ಯ ಸೇವೆ 2002ರಲ್ಲಿ ಹಮ್ಮಿಕೊಂಡ ರಾಷ್ಟ್ರವ್ಯಾಪಿ ಗಣಕೀಕರಣ ಯೋಜನೆಯದು ಹಣದ ದುರಂತ. 1,100 ಕೋಟಿ ಪೌಂಡಿಗೂ ಮಿಕ್ಕಿದ ಅಂದಾಜು, ಕೇಂದ್ರದಲ್ಲಿ ಕೂತು ಇಡೀ ದೇಶದ ಆಸ್ಪತ್ರೆಗಳಿಗೆ ಆರಿಸಿದ ತಂತ್ರಾಂಶ, ನಡುವೆ ಕೈಬಿಟ್ಟು ಹೋದ ಗುತ್ತಿಗೆದಾರರು. 2011ರ ಸೆಪ್ಟೆಂಬರಿನಲ್ಲಿ ಸರ್ಕಾರ ಅದನ್ನು ವಿಸರ್ಜಿಸುವುದಾಗಿ ಘೋಷಿಸಿತು. ಅದೇ ಯೋಜನೆಯ ಒಂದು ಭಾಗ ಮಾತ್ರ ಸದ್ದಿಲ್ಲದೆ ಗೆದ್ದಿತು: ಎಕ್ಸ್‌ರೇ, ಸ್ಕ್ಯಾನ್ ಚಿತ್ರಗಳನ್ನು ಫಿಲ್ಮಿನ ಬದಲು ಪರದೆಯಲ್ಲಿ ನೋಡುವ ವ್ಯವಸ್ಥೆ. ಅದು ಬೇಕೆಂದು ರೇಡಿಯಾಲಜಿಸ್ಟುಗಳೇ ಕೇಳುತ್ತಿದ್ದರು, ಅದರಿಂದ ಅವರ ಕೆಲಸ ಮೊದಲ ದಿನದಿಂದಲೇ ಹಗುರವಾಯಿತು.

ಭಾರತದ ಮಟ್ಟಿಗೆ ಈ ಮಾತುಗಳೆಲ್ಲ ಇಂದಿನ ಮಾತುಗಳು. 2021ರ ಸೆಪ್ಟೆಂಬರ್ 27ರಂದು ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಪ್ರತಿಯೊಬ್ಬರಿಗೂ 14 ಅಂಕಿಗಳ ಆಭಾ ಸಂಖ್ಯೆ ನೀಡಿ, ದಾಖಲೆಗಳನ್ನು ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ರೋಗಿಯ ಒಪ್ಪಿಗೆಯ ಮೇಲೆ ಸಾಗಿಸುವ ಗುರಿ ಹೊತ್ತಿದೆ. ಗುರಿ ದೊಡ್ಡದು, ಬೇಕಾದದ್ದು. ಆದರೆ ಅದನ್ನು ಹೊರಬೇಕಾದ ಕೈಗಳ ಕಡೆಗೂ ನೋಡಬೇಕು. 67 ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಂತೆ, ಪ್ರಾಥಮಿಕ ಹಂತದಲ್ಲಿ ಸ್ವೀಡನ್ನಿನ ವೈದ್ಯರು ಒಬ್ಬ ರೋಗಿಗೆ 22 ನಿಮಿಷಕ್ಕೂ ಹೆಚ್ಚು ಕೊಟ್ಟರೆ ಭಾರತದಲ್ಲಿ ಸಿಗುವುದು ಸುಮಾರು ಎರಡು ನಿಮಿಷ. ಪಿಟ್ಸ್‌ಬರ್ಗ್‌ನಲ್ಲಿ ಒಂದು ಸೂಚನೆ ದಾಖಲಿಸಲು ಹಿಡಿದಷ್ಟೇ ಸಮಯ ಅದು. ಹೀಗಿರುವಾಗ ತಾಲ್ಲೂಕು ಆಸ್ಪತ್ರೆಯ ಒಪಿಡಿಯಲ್ಲಿ ಸಂಜೆಯೊಳಗೆ ನೂರಾರು ಜನರನ್ನು ನೋಡಬೇಕಾದ ವೈದ್ಯರ ಮುಂದೆ ಉದ್ದುದ್ದದ ಫಾರಂ ಇರುವ ಪರದೆಯಿಟ್ಟರೆ, ಅವರು ಒಂದೋ ರೋಗಿಯ ಮುಖ ನೋಡುವುದನ್ನು ಬಿಡುತ್ತಾರೆ, ಇಲ್ಲವೇ ಫಾರಂ ಅನ್ನು ಹೇಗೋ ತುಂಬುತ್ತಾರೆ. ಎರಡರಲ್ಲೂ ಸೋಲುವವರು ರೋಗಿ. ಇದೇ ಮಿಷನ್‌ನೊಳಗೆ ಚೆನ್ನಾಗಿ ಹಿಡಿದುಕೊಂಡ ಕೆಲಸವೆಂದರೆ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಒಪಿಡಿ ಟೋಕನ್ ಪಡೆಯುವುದು. ಚೀಟಿಯ ಸಾಲು ಚಿಕ್ಕದಾಯಿತು, ಕೌಂಟರಿನವರು ಹೆಸರು-ವಿಳಾಸ ಟೈಪ್ ಮಾಡುವುದು ತಪ್ಪಿತು. ಸಣ್ಣ ಕೆಲಸವೇ, ಆದರೆ ಬಳಸುವವರ ಹೊರೆಯನ್ನು ಇಳಿಸಿದ ಕೆಲಸ.

ಹೊರೆ ಹೆಚ್ಚಿದರೆ ಏನಾಗುತ್ತದೆಂಬುದಕ್ಕೆ ಕರ್ನಾಟಕದ ಆಶಾ ಕಾರ್ಯಕರ್ತೆಯರ ಬೇಡಿಕೆಪಟ್ಟಿಯನ್ನು ಓದಿದರೆ ಸಾಕು. ತಾಯಿ-ಮಗುವಿನ ಆರೋಗ್ಯದ ಆರ್‌ಸಿಎಚ್ ಪೋರ್ಟಲ್‌ನ ದತ್ತಾಂಶಕ್ಕೂ ತಮ್ಮ ಪ್ರೋತ್ಸಾಹಧನಕ್ಕೂ ಹಾಕಿರುವ ಗಂಟನ್ನು ಬಿಡಿಸಿ ಎಂದು ಅವರು ವರ್ಷಗಳಿಂದ ಬೀದಿಗಿಳಿದು ಕೇಳುತ್ತಿದ್ದಾರೆ. ಗರ್ಭಿಣಿಯ ಮನೆಗೆ ಹತ್ತು ಸಲ ಹೋಗಿಬಂದರೂ, ಪೋರ್ಟಲ್‌ನಲ್ಲಿ ಅದು ಬೇರೊಬ್ಬರ ಕೈಯಿಂದ ಸರಿಯಾಗಿ ದಾಖಲಾಗದಿದ್ದರೆ ದುಡಿದದ್ದಕ್ಕೆ ಹಣ ಬರುವುದಿಲ್ಲ ಎಂಬುದು ಅವರ ಅಳಲು. ದಾಖಲೆ ವ್ಯವಸ್ಥೆಯೊಂದು ಮಾಡಿದ ಕೆಲಸವನ್ನು ದಾಖಲಿಸಬೇಕು. ದಾಖಲಾದದ್ದಷ್ಟೇ ಕೆಲಸ ಎಂದಾದಾಗ ಅದರ ಏಟು ಬೀಳುವುದು ಅತಿ ಕಡಿಮೆ ಸಂಬಳದವರ ಮೇಲೆ. ಈ ಪೋರ್ಟಲನ್ನು ಮೊದಲೇ ಒಂದೆರಡು ತಾಲ್ಲೂಕುಗಳಲ್ಲಿ ನಡೆಸಿ, ಆಶಾ ಕಾರ್ಯಕರ್ತೆಯರನ್ನೇ ಕೂರಿಸಿಕೊಂಡು ತಿದ್ದಿದ್ದರೆ ಆ ಗಂಟು ಬೀಳುವ ಮೊದಲೇ ಕಾಣುತ್ತಿತ್ತು.

ಇಷ್ಟೆಲ್ಲ ಪರೀಕ್ಷೆ ಮಾಡುತ್ತಾ ಕೂತರೆ ತಡವಾಗುತ್ತದೆ, ತಡವಾದಷ್ಟೂ ಕಾಗದದ ತಪ್ಪುಗಳಿಂದ ಜನ ಸಾಯುತ್ತಾರೆ, ಖರ್ಚೂ ಏರುತ್ತದೆ ಎಂಬ ವಾದವನ್ನು ನಾನು ಹಗುರವಾಗಿ ತಳ್ಳಲಾರೆ. ನಿಧಾನಕ್ಕೂ ಬೆಲೆಯಿದೆ. ಆದರೆ ಇಂಗ್ಲೆಂಡು ಅವಸರದಲ್ಲಿ ಕಳೆದುಕೊಂಡದ್ದು ಒಂಬತ್ತು ವರ್ಷ. ಸೀಡರ್ಸ್-ಸೈನೈ ಹಿಂದಿರುಗಿ ಮತ್ತೆ ಕಾಗದಕ್ಕೇ ಬಂದಿತು. ಒಂದು ವಾರ್ಡಿನಲ್ಲಿ ಮೂರು ತಿಂಗಳು ನಡೆಸಿ ನೋಡುವುದು ಇವೆರಡಕ್ಕಿಂತ ಅಗ್ಗ. ಜೊತೆಗೆ, ಕಂಪ್ಯೂಟರ್ ಕೈಕೊಟ್ಟ ದಿನಕ್ಕೂ ಸಿದ್ಧರಿರಬೇಕು. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಸರ್ವರುಗಳ ಮೇಲೆ ಸೈಬರ್ ದಾಳಿಯಾದಾಗ, ನೋಂದಣಿಯಿಂದ ಲ್ಯಾಬ್ ವರದಿಯವರೆಗೆ ಎಲ್ಲವನ್ನೂ ಸುಮಾರು ಎರಡು ವಾರ ಕೈಬರಹದಲ್ಲೇ ನಡೆಸಬೇಕಾಯಿತು. ಕಾಗದದಲ್ಲಿ ಕೆಲಸ ಮಾಡಿ ಗೊತ್ತಿರುವ ತಲೆಮಾರು ಆಗ ಅಲ್ಲಿತ್ತು. ಹತ್ತು ವರ್ಷ ಕಳೆದ ಮೇಲೆ ಇರುವುದಿಲ್ಲ. ಆಗ ಕಾಗದಕ್ಕೆ ಮರಳುವುದನ್ನೂ ಬೆಂಕಿ ನಂದಿಸುವ ಕವಾಯತಿನಂತೆ ಆಗಾಗ ಅಭ್ಯಾಸ ಮಾಡಿಸಬೇಕಾಗುತ್ತದೆ.

ಇದಕ್ಕೆಲ್ಲ ಹೊಸ ಸಂಸ್ಥೆ ಕಟ್ಟಬೇಕಾಗಿಲ್ಲ. ಔಷಧದ ಅಡ್ಡಪರಿಣಾಮ ಕಂಡರೆ ವರದಿ ಮಾಡಲು ದೇಶದಲ್ಲಿ 2010ರಿಂದ ಫಾರ್ಮಕೋವಿಜಿಲೆನ್ಸ್ ಕಾರ್ಯಕ್ರಮವಿದೆ. ಘಾಜಿಯಾಬಾದಿನ ಭಾರತೀಯ ಫಾರ್ಮಕೋಪಿಯಾ ಆಯೋಗ ಅದನ್ನು ನಡೆಸುತ್ತಿದೆ, ನರ್ಸ್ ಕೂಡ ಅಲ್ಲಿಗೆ ವರದಿ ಕಳಿಸಬಹುದು. ದಾಖಲೆ ತಂತ್ರಾಂಶದಲ್ಲಿ ಒಬ್ಬ ರೋಗಿಯ ಫಲಿತಾಂಶ ಇನ್ನೊಬ್ಬರ ಹೆಸರಿನಲ್ಲಿ ಬಂದರೆ ಅದೇ ನರ್ಸ್ ಮಾಡುವುದು ಹೆಲ್ಪ್‌ಡೆಸ್ಕಿಗೆ ಫೋನು. ಅಲ್ಲಿ ಅದು ಪ್ರಿಂಟರ್ ಕೆಟ್ಟ ದೂರಿನ ಜೊತೆಗೆ ಒಂದು ಟಿಕೆಟ್ ಆಗುತ್ತದೆ. ಅಂಥ ದೂರು ರೋಗಿ ಸುರಕ್ಷತೆಯ ಸಮಿತಿಗೆ ಹೋಗಬೇಕು, ಬೇರೆ ಆಸ್ಪತ್ರೆಗಳಿಗೂ ತಿಳಿಯಬೇಕು. ಅಮೆರಿಕದಲ್ಲಿ ಬಹುಕಾಲ ಕಂಪನಿಗಳ ಒಪ್ಪಂದಗಳೇ ಇದಕ್ಕೆ ಅಡ್ಡ ನಿಂತಿದ್ದವು: ತಂತ್ರಾಂಶದ ದೋಷದಿಂದ ಹಾನಿಯಾದರೂ ಹೊಣೆ ಆಸ್ಪತ್ರೆಯದೇ, ದೋಷದ ಬಗ್ಗೆ ಹೊರಗೆ ಮಾತಾಡುವಂತಿಲ್ಲ ಎಂಬ ಷರತ್ತುಗಳು. 2016ರ ಕಾಯ್ದೆಯೊಂದು ಬಾಯಿ ಮುಚ್ಚಿಸುವ ಷರತ್ತಿಗೆ ತಡೆ ಹಾಕಿತು. ನಮ್ಮ ಸರ್ಕಾರಿ ಟೆಂಡರುಗಳಲ್ಲಿ, ಖಾಸಗಿ ಆಸ್ಪತ್ರೆಗಳ ಒಪ್ಪಂದಗಳಲ್ಲಿ ಈ ವಿಷಯ ಸಹಿ ಬೀಳುವ ಮೊದಲೇ ಇತ್ಯರ್ಥವಾಗಬೇಕು. ಜೊತೆಗೆ ಇನ್ನೂ ಮೂರು ಸಾಲು ಅಲ್ಲಿರಬೇಕೆಂದು ನನ್ನ ಒತ್ತಾಯ. ಮೊದಲ ಕಂತಿನ ಹಣ ಒಂದು ವಾರ್ಡಿನ ಫಲಿತಾಂಶ ನೋಡಿದ ಮೇಲೆ. ಫಲಿತಾಂಶವೆಂದರೆ ಲಾಗಿನ್ ಸಂಖ್ಯೆಯಲ್ಲ, ಮೊದಲ ಡೋಸ್ ರೋಗಿಗೆ ತಲುಪಲು ಹಿಡಿದ ನಿಮಿಷಗಳು, ತಪ್ಪಿಹೋದ ಸೂಚನೆಗಳು, ಐಸಿಯುವಿನ ಸಾವುಗಳು. ಮತ್ತು ರಾತ್ರಿ ಪಾಳಿಯಲ್ಲಿ ಹಾನಿ ಕಂಡರೆ ಕಾಗದಕ್ಕೆ ಮರಳುವ ಅಧಿಕಾರ ಆ ಹೊತ್ತು ವಾರ್ಡಿನಲ್ಲಿರುವ ಹಿರಿಯ ನರ್ಸಿಗೂ ಡ್ಯೂಟಿ ಡಾಕ್ಟರಿಗೂ ಇರಬೇಕು, ಬೆಳಗ್ಗೆ ಹತ್ತಕ್ಕೆ ಬರುವ ಯೋಜನಾ ವ್ಯವಸ್ಥಾಪಕರ ಅನುಮತಿಗೆ ಅವರು ಕಾಯುವಂತಾಗಬಾರದು.